ಕ್ಷಯದ ಬ್ಯಾಕ್ಟೀರಿಯಾಕ್ಕೆ ವಿಷವೇ ಇಲ್ಲ ಅಂತ ಇನ್ನೂ ಪಾಠ ಮಾಡಬೇಕಾ?

ಸೂಕ್ಷ್ಮಪಾಠ:
ಬಿಎಸ್ಸಿ ಸೂಕ್ಷ್ಮಜೀವಿಶಾಸ್ತ್ರದ ಟಿಪ್ಪಣಿಗಳಲ್ಲಿ ಒಂದು ಮಾತು ವರ್ಷದಿಂದ ವರ್ಷಕ್ಕೆ ಹಾಗೇ ನಕಲಾಗುತ್ತಿದೆ. ಕ್ಷಯದ ಬ್ಯಾಕ್ಟೀರಿಯಾಕ್ಕೆ ಹೊರವಿಷವೂ ಇಲ್ಲ, ಒಳವಿಷವೂ ಇಲ್ಲ, ಶ್ವಾಸಕೋಶ ಹಾಳಾಗುವುದೆಲ್ಲ ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಕೆಲಸ ಅಂತ. ಆದರೆ 2014ರಲ್ಲೇ ಅಲಬಾಮಾ ವಿಶ್ವವಿದ್ಯಾಲಯದ ಬರ್ಮಿಂಗ್‌ಹ್ಯಾಮ್ ಕ್ಯಾಂಪಸ್ಸಿನ ಮೈಕೆಲ್ ನೀಡರ್‌ವೈಸ್ ತಂಡ ಟಿಎನ್‌ಟಿ ಎಂಬ ವಿಷವನ್ನು ತೋರಿಸಿಕೊಟ್ಟಿದೆ. ಹಾಗಾದರೆ ಈ ಸಾಲನ್ನು ಅಳಿಸಬೇಕೋ, ತಿದ್ದಬೇಕೋ? ನನಗೆ ನಿಜವಾಗಿ ಬೇಕಿರುವುದು ದಾರಿ. ಅಷ್ಟು ದಪ್ಪ ಮೇಣದ ಗೋಡೆ ಇಟ್ಟುಕೊಂಡು ಆ ಬ್ಯಾಕ್ಟೀರಿಯಾ ವಿಷವನ್ನು ಹೊರಹಾಕುವುದು ಹೇಗೆ? ಹಾಕಿದರೂ ಅದು ಇರುವುದು ಮ್ಯಾಕ್ರೋಫೇಜ್ ಎಂಬ ನುಂಗುಕೋಶದ ಫ್ಯಾಗೋಸೋಮ್ ಚೀಲದೊಳಗೆ. ಅಲ್ಲಿಂದ ಕೋಶರಸಕ್ಕೆ ಹೇಗೆ ದಾಟುತ್ತದೆ? ಅದೇ ಬ್ಯಾಕ್ಟೀರಿಯಾದ ಇನ್ನೊಂದು ಪ್ರೋಟೀನು ಇಸ್ಯಾಟ್-6 ಈ ಕತೆಯಲ್ಲಿ ಎಲ್ಲಿ ಬರುತ್ತದೆ? ಗೊತ್ತಿರುವವರು ವಿವರವಾಗಿ ಬರೆಯಿರಿ.

ಕೋಶಭಿತ್ತಿ:
ಸಾಲನ್ನು ಅಳಿಸಿ. ಅರ್ಧ ತಿದ್ದಿದರೆ ಇನ್ನೊಂದಿಷ್ಟು ವರ್ಷ ಅದೇ ಅರ್ಧ ಸತ್ಯ ಓಡಾಡುತ್ತದೆ.

ಟಿಎನ್‌ಟಿ ಬಿಡಿ ಪ್ರೋಟೀನಾಗಿ ತಯಾರಾಗುವುದಿಲ್ಲ. ಸಿಪಿಎನ್‌ಟಿ ಎಂಬ 846 ಅಮೈನೋ ಆಮ್ಲಗಳ ದೊಡ್ಡ ಪ್ರೋಟೀನಿನ ಬಾಲದ ತುಂಡು ಅದು. ಜೀನ್ ಹೆಸರು ಆರ್‌ವಿ3903ಸಿ. ಮುಂಭಾಗ ಹೊರಪೊರೆಯಲ್ಲಿ ನಾಳವಾಗಿ ಕೂರುತ್ತದೆ, ಹಿಂಭಾಗದ ಸುಮಾರು 200 ಅಮೈನೋ ಆಮ್ಲಗಳು ವಿಷ. ಮೇಲ್ಮೈಗೆ ಬಂದ ಮೇಲೆ ಆ ತುಂಡು ಕತ್ತರಿಸಿ ಬೇರೆಯಾಗುತ್ತದೆ.

ಅದು ಮಾಡುವ ಕೆಲಸ 2015ರಲ್ಲಿ ಗೊತ್ತಾಯಿತು: ಎನ್‌ಎಡಿ ಅಣುವನ್ನು ಸೀಳಿ ನಿಕೋಟಿನಮೈಡ್ ಮತ್ತು ಎಡಿಪಿ-ರೈಬೋಸ್ ಮಾಡುವುದು. ಎನ್‌ಎಡಿ ಖಾಲಿಯಾದ ಕೋಶ ಶಕ್ತಿ ಉತ್ಪಾದಿಸಲಾರದು, ಮೈಟೊಕಾಂಡ್ರಿಯಾದ ವಿದ್ಯುತ್ ವಿಭವ ಕುಸಿಯುತ್ತದೆ, ಕೊನೆಗೆ ಕೋಶ ಒಡೆದು ಸಾಯುತ್ತದೆ. ಬ್ಯಾಕ್ಟೀರಿಯಾಕ್ಕೂ ಎನ್‌ಎಡಿ ಬೇಕಲ್ಲ, ತನ್ನ ವಿಷ ತನ್ನನ್ನೇ ಕೊಲ್ಲಬಾರದಲ್ಲ. ಅದಕ್ಕೆ ಪಕ್ಕದಲ್ಲೇ ಆರ್‌ವಿ3902ಸಿ ಎಂಬ ಜೀನ್ ಇದೆ. ಅದರಿಂದ ಬರುವ ಐಎಫ್‌ಟಿ ಎಂಬ ಪ್ರೋಟೀನು ವಿಷಕ್ಕೆ ಬಿಗಿಯಾಗಿ ಅಂಟಿಕೊಂಡು ಒಳಗಿರುವಷ್ಟು ಹೊತ್ತು ಅದನ್ನು ತಡೆದಿಡುತ್ತದೆ.

ನೇತ್ರಾವತಿ_ತೀರ:
ಗಂಟಲುಮಾರಿಯ ವಿಷವೂ ಎನ್‌ಎಡಿ ಮೇಲೆ ಕೆಲಸ ಮಾಡುವುದಲ್ವಾ? ಎರಡೂ ಒಂದೇ ಜಾತಿಯದ್ದಾ?

ಕೋಶಭಿತ್ತಿ:
ಅಲ್ಲ. ಡಿಫ್ತೀರಿಯಾ ವಿಷ ಎನ್‌ಎಡಿಯಿಂದ ಎಡಿಪಿ-ರೈಬೋಸ್ ತೆಗೆದು ನಮ್ಮ ಇಎಫ್-2 ಪ್ರೋಟೀನಿಗೆ ಅಂಟಿಸುತ್ತದೆ, ಅಲ್ಲಿಗೆ ಪ್ರೋಟೀನು ತಯಾರಿಕೆ ನಿಲ್ಲುತ್ತದೆ. ಅಲ್ಲಿ ಎನ್‌ಎಡಿ ಬರೀ ಸಾಮಗ್ರಿ. ಬ್ಯಾಕ್ಟೀರಿಯಾದಲ್ಲಿ ಇಎಫ್-2 ಇಲ್ಲದ್ದರಿಂದ ಅದಕ್ಕೆ ಐಎಫ್‌ಟಿಯಂಥ ತಡೆ ಬೇಕಾಗಿಲ್ಲ. ಟಿಎನ್‌ಟಿಗೆ ಎನ್‌ಎಡಿಯೇ ಗುರಿ. ಹೋಲಿಸಬೇಕಿದ್ದರೆ ಸ್ಟ್ರೆಪ್ಟೊಕಾಕಸ್ ಪಯೋಜೆನಿಸ್‌ನ ಎನ್‌ಎಡಿ ಸೀಳುವ ಕಿಣ್ವಕ್ಕೆ ಹೋಲಿಸಿ. ಅದಕ್ಕೂ ಜೊತೆಗೊಂದು ತಡೆ ಪ್ರೋಟೀನಿದೆ.

ಧಾರವಾಡ_ಪೇಢೆ:
ಇದರಾಗ ಹೊಸಾದೇನೈತ್ರಿ? ಕ್ಷಯದ ಬ್ಯಾಕ್ಟೀರಿಯಾದಾಗ ವಿಷ-ಪ್ರತಿವಿಷ ಜೋಡಿ ಎಪ್ಪತ್ತರ ಮ್ಯಾಲೆ ಅದಾವು ಅಂತ ಎಷ್ಟೋ ವರ್ಷದಿಂದ ಓದಾಕತ್ತೀವಿ. ವ್ಯಾಪ್‌ಬಿಸಿ, ಮ್ಯಾಜ್‌ಇಎಫ್ ಎಲ್ಲಾ ಅವೇ ಅಲ್ಲೇನು?

ಅಗರ್_ತಟ್ಟೆ:
ಅವು ಬೇರೆ ಸರ್. ವ್ಯಾಪ್‌ಬಿಸಿ, ಮ್ಯಾಜ್‌ಇಎಫ್ ಜೋಡಿಗಳ ವಿಷ ಬ್ಯಾಕ್ಟೀರಿಯಾದ ಒಳಗೇ ಉಳಿದು ಅದರದ್ದೇ ಆರ್‌ಎನ್‌ಎ ಕತ್ತರಿಸುತ್ತದೆ. ಒತ್ತಡ ಬಿದ್ದಾಗ ಬೆಳವಣಿಗೆ ನಿಧಾನ ಮಾಡಿಕೊಳ್ಳಲು ಅದು ಬಳಕೆಯಾಗುತ್ತದೆ. ಆತಿಥೇಯ ಕೋಶಕ್ಕೆ ಅವನ್ನು ಸ್ರವಿಸುವುದಿಲ್ಲ. ಟಿಎನ್‌ಟಿ-ಐಎಫ್‌ಟಿಯನ್ನು ಅದೇ ಪಟ್ಟಿಗೆ ಸೇರಿಸಿದರೆ ಮಕ್ಕಳಿಗೆ ಗೊಂದಲ ಗ್ಯಾರಂಟಿ.

ಧಾರವಾಡ_ಪೇಢೆ:
ಹಂಗಂದ್ರ ಬಿಡ್ರಿ, ಪಟ್ಟಿ ಬ್ಯಾರೆ ಮಾಡೂಣು. ಗೋಡಿ ದಾಟೂದು ಹೆಂಗ ಅನ್ನೂದು ಹೇಳ್ರಿ ಮೊದಲ.

ಏಳನೇ_ಮಾರ್ಗ:
ಗೋಡೆಯಿಂದಲೇ ಶುರು ಮಾಡುತ್ತೇನೆ, ಏಕೆಂದರೆ ಇಡೀ ಪ್ರಶ್ನೆ ಅಲ್ಲಿದೆ. ಒಳಪೊರೆ, ಅದರಾಚೆ ಪೆಪ್ಟಿಡೋಗ್ಲೈಕನ್ ಮತ್ತು ಅರಬಿನೋಗ್ಯಾಲಕ್ಟನ್, ಅದಕ್ಕೆ ಕಟ್ಟಿಕೊಂಡ 60ರಿಂದ 90 ಇಂಗಾಲಗಳ ಮೈಕೋಲಿಕ್ ಆಮ್ಲ. ಇದು ಬರೀ ಮೇಣದ ಲೇಪನವಲ್ಲ, ನಿಜವಾದ ಹೊರಪೊರೆ ಅಂತ 2008ರಲ್ಲಿ ಕ್ರಯೋ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದ ಚಿತ್ರಗಳು ತೋರಿಸಿದವು. ಅಂದರೆ ವಿಷ ಎರಡು ಪೊರೆ ದಾಟಬೇಕು. ಫ್ಯಾಗೋಸೋಮ್ ಸೇರಿಸಿದರೆ ಮೂರು.

ಒಳಪೊರೆ ದಾಟಿಸುವ ಯಂತ್ರಗಳೇ ಏಳನೇ ಮಾದರಿಯ ಸ್ರಾವ ವ್ಯವಸ್ಥೆಗಳು. ಇಎಸ್‌ಎಕ್ಸ್-1ರಿಂದ ಇಎಸ್‌ಎಕ್ಸ್-5ರವರೆಗೆ ಐದು. ತಿರುಳಿನ ಭಾಗಗಳು ಇಸಿಸಿಬಿ, ಇಸಿಸಿಸಿ, ಇಸಿಸಿಡಿ, ಇಸಿಸಿಇ, ಮತ್ತು ಮೈಕ್‌ಪಿ ಎಂಬ ಪ್ರೋಟೀಯೇಸ್. ಎಟಿಪಿ ಸುಟ್ಟು ಬಲ ಕೊಡುವುದು ಇಸಿಸಿಸಿ. ಆರು ಘಟಕಗಳು ಸುತ್ತಲೂ ಜೋಡಿಸಿಕೊಂಡ ಉಂಗುರದಂಥ ರಚನೆ, ಇಎಸ್‌ಎಕ್ಸ್-5ರದ್ದು 2021ರಲ್ಲಿ ವಿವರವಾಗಿ ಕಂಡಿತು. ಇಎಸ್‌ಎಕ್ಸ್-4 ಎಲ್ಲಕ್ಕಿಂತ ಹಳೆಯದು, ಚಿಕ್ಕದು. ಅದಕ್ಕೆ ಇಸಿಸಿಇ ಇಲ್ಲ. ಹೀಗಾಗಿ ಬಹಳ ಕಾಲ ಅದನ್ನು ಯಾರೂ ಗಣನೆಗೇ ತೆಗೆದುಕೊಂಡಿರಲಿಲ್ಲ.

2021ರಲ್ಲಿ ಅದೇ ನೀಡರ್‌ವೈಸ್ ತಂಡ ಐದನ್ನೂ ಒಂದೊಂದಾಗಿ ಪರೀಕ್ಷಿಸಿತು. ಸಿಪಿಎನ್‌ಟಿ ಮೇಲ್ಮೈಗೆ ಬರಲು ಇಎಸ್‌ಎಕ್ಸ್-4 ಬೇಕೇ ಬೇಕು ಅಂತ ಗೊತ್ತಾಯಿತು. ಇನ್ನೊಂದು ಸಂಗತಿ ಅದಕ್ಕಿಂತ ಸ್ವಾರಸ್ಯದ್ದು. ಫ್ಯಾಗೋಸೋಮಿನ ಪೊರೆ ತೂತಾಗಲು ಇಎಸ್‌ಎಕ್ಸ್-1 ಒಂದೇ ಸಾಲದು, ಇಎಸ್‌ಎಕ್ಸ್-2 ಮತ್ತು ಇಎಸ್‌ಎಕ್ಸ್-4 ಕೂಡ ಬೇಕು. ಮೂರರಲ್ಲಿ ಯಾವುದು ತಪ್ಪಿದರೂ ಟಿಎನ್‌ಟಿ ಕೋಶರಸಕ್ಕೆ ತಲುಪುವುದಿಲ್ಲ.

ನೇತ್ರಾವತಿ_ತೀರ:
ಒಳಪೊರೆ ದಾಟಿಸಿದ್ದು ಸರಿ. ಹೊರಪೊರೆಯದ್ದು ಹೇಳಲೇ ಇಲ್ಲ ಮಾರಾಯ್ರೆ. ಸಿಪಿಎನ್‌ಟಿ ತಾನೇ ನಾಳ ಅಂದ್ರಲ್ಲ, ತನ್ನ ನಾಳದಲ್ಲಿ ತಾನೇ ಹೊರಗೆ ಬರುವುದಾ?

ಏಳನೇ_ಮಾರ್ಗ:
ಅಲ್ಲಿ ಇನ್ನೆರಡು ಚಿಕ್ಕ ಪ್ರೋಟೀನು ಬೇಕು. ಸಿಪಿಎನ್‌ಟಿಯ ಒಪೆರಾನ್, ಅಂದರೆ ಒಟ್ಟಿಗೆ ಕೆಲಸಕ್ಕಿಳಿಯುವ ಜೀನ್‌ಗಳ ಸಾಲು, ಬಿಡಿಸಿ ನೋಡಿದರೆ ಸಾಲಾಗಿ ಆರ್‌ವಿ3905ಸಿ, 3904ಸಿ, 3903ಸಿ, 3902ಸಿ ಸಿಗುತ್ತವೆ. ಮೊದಲನೆಯದು ಇಎಸ್‌ಎಕ್ಸ್-ಎಫ್, ಎರಡನೆಯದು ಇಎಸ್‌ಎಕ್ಸ್-ಇ (ಹೆಸರು ಹೋಲಿದರೂ ಇವು ಯಂತ್ರಗಳಲ್ಲ, ಆ ಚಿಕ್ಕ ಪ್ರೋಟೀನುಗಳು), ಆಮೇಲೆ ಸಿಪಿಎನ್‌ಟಿ, ಕೊನೆಗೆ ತಡೆ ಪ್ರೋಟೀನು ಐಎಫ್‌ಟಿ. ಇ ಮತ್ತು ಎಫ್ ಜೋಡಿಯಾಗುತ್ತವೆ, ಜೋಡಿಗಳು ಮತ್ತೆ ಗುಂಪುಗೂಡಿ ಪೊರೆಯಲ್ಲಿ ರಂಧ್ರ ಮಾಡುತ್ತವೆ, ಎಳೆಯಂಥ ರಚನೆಗಳನ್ನೂ ಕಟ್ಟುತ್ತವೆ. ಟ್ರಿಪ್ಟೊಫ್ಯಾನ್, ನಡುವೆ ಯಾವುದೋ ಒಂದು, ನಂತರ ಗ್ಲೈಸೀನ್: ಆ ಮೂರಕ್ಷರದ ಗುರುತಿನಲ್ಲಿ ಬದಲಾವಣೆ ಮಾಡಿದರೆ ರಂಧ್ರವೂ ಇಲ್ಲ, ಎಳೆಯೂ ಇಲ್ಲ. ಈ ಜೋಡಿ ಇಲ್ಲದಿದ್ದರೆ ಸಿಪಿಎನ್‌ಟಿ ಮೇಲ್ಮೈಗೆ ಬರುವುದಿಲ್ಲ, ಟಿಎನ್‌ಟಿ ಸ್ರವಿಸುವುದೂ ಇಲ್ಲ. ಇದೂ 2021ರದ್ದೇ ಕೆಲಸ.

ಗಮನಿಸಿ: ಇಎಸ್‌ಎಕ್ಸ್-4ರ ಯಂತ್ರದ ಜೀನ್‌ಗಳು ಇರುವುದು ಆರ್‌ವಿ3444ಸಿಯ ಸುತ್ತಮುತ್ತ, ಈ ಒಪೆರಾನಿನಿಂದ ಬಹಳ ದೂರ. ಜೀನ್ ನಕ್ಷೆ ನೋಡಿ ಮಾತ್ರ ಊಹಿಸಿದ್ದರೆ ಇವೆರಡರ ಸಂಬಂಧ ಸಿಗುತ್ತಲೇ ಇರಲಿಲ್ಲ.

ಹಳೇಬೇರು:
ನಾನು ಪೂರ್ತಿ ಒಪ್ಪುವುದಿಲ್ಲ. ಮ್ಯಾಕ್ರೋಫೇಜ್ ಸಾಯುವುದಕ್ಕೂ ರೋಗಿಯ ಶ್ವಾಸಕೋಶದಲ್ಲಿ ಕುಳಿ ಬೀಳುವುದಕ್ಕೂ ನಡುವೆ ಬಹಳ ದೂರವಿದೆ. ಕುಳಿ ಬೀಳುವುದು ಕೊಲಾಜನ್ ಕರಗಿದಾಗ. ಅದನ್ನು ಕರಗಿಸುವುದು ಎಂಎಂಪಿ-1ರಂಥ ನಮ್ಮದೇ ಕಿಣ್ವಗಳು. ಎಚ್‌ಐವಿ ಹೆಚ್ಚಿ ಸಿಡಿ4 ಕೋಶಗಳು ತೀರಾ ಕುಸಿದ ರೋಗಿಗಳಲ್ಲಿ ಬ್ಯಾಕ್ಟೀರಿಯಾ ತುಂಬಿ ತುಳುಕುತ್ತಿದ್ದರೂ ಕುಳಿಗಳು ಕಡಿಮೆ. ವಿಷವೇ ಮುಖ್ಯ ಕಾರಣವಾಗಿದ್ದರೆ ಅಲ್ಲಿ ಕುಳಿ ಹೆಚ್ಚಿರಬೇಕಿತ್ತು. 1890ರಲ್ಲಿ ಕೋಖ್ ಟ್ಯುಬರ್‌ಕ್ಯುಲಿನ್ ಎಂಬ ಕ್ಷಯದ ಬ್ಯಾಕ್ಟೀರಿಯಾದ ಸಾರ ಚುಚ್ಚಿದಾಗ ಕಂಡ ಉರಿಯೂತವೂ ದೇಹದ ಪ್ರತಿಕ್ರಿಯೆಯೇ. ಪಠ್ಯದ ಹಳೇ ಸಾಲು ಇಂಥ ಗಟ್ಟಿ ಗಮನಿಕೆಗಳ ಮೇಲೆ ನಿಂತಿದೆ. ಅದನ್ನು ಅಳಿಸಿ ಅನ್ನುವುದು ದುಡುಕು.

ಇನ್ನೊಂದು: ಟಿಎನ್‌ಟಿಯಿಂದ ನೆಕ್ರಾಪ್ಟೋಸಿಸ್ (ಕೋಶ ತಾನೇ ಪೊರೆ ಒಡೆದುಕೊಂಡು ಸಾಯುವುದು) ಅನ್ನುತ್ತಾರೆ, ಆರ್‌ಐಪಿಕೆ3 ಮತ್ತು ಎಂಎಲ್‌ಕೆಎಲ್ ಎಂಬ ನಮ್ಮದೇ ಪ್ರೋಟೀನುಗಳ ಮೂಲಕ. ಎಂಎಲ್‌ಕೆಎಲ್ ತೆಗೆದ ಇಲಿಗಳಿಗೆ ಸೋಂಕು ಕೊಟ್ಟಾಗ ರೋಗದ ಗತಿ ಹೇಳಿಕೊಳ್ಳುವಂತೆ ಬದಲಾಗಲಿಲ್ಲವಲ್ಲ?

ಕೋಶಭಿತ್ತಿ:
ಕುಳಿಯ ಬಗ್ಗೆ ನೀವು ಹೇಳಿದ್ದು ಸರಿ, ಅದನ್ನು ಯಾರೂ ಟಿಎನ್‌ಟಿ ಮೇಲೆ ಹೊರಿಸುತ್ತಿಲ್ಲ. ಆದರೆ ಪಠ್ಯದ ಸಾಲು ಕುಳಿಯ ಬಗ್ಗೆ ಅಲ್ಲ, ವಿಷ ಇಲ್ಲ ಅನ್ನುತ್ತದೆ. ಅದು ತಪ್ಪು. ಮ್ಯಾಕ್ರೋಫೇಜ್ ಹೇಗೆ ಸಾಯುತ್ತದೆ ಅನ್ನುವುದು ಚಿಲ್ಲರೆ ವಿಷಯವೂ ಅಲ್ಲ. ಅಪಾಪ್ಟೋಸಿಸ್ ಆದರೆ ಪೊರೆ ಹರಿಯುವುದಿಲ್ಲ, ಸತ್ತ ಕೋಶವನ್ನು ಬ್ಯಾಕ್ಟೀರಿಯಾ ಸಮೇತ ಪಕ್ಕದ ಕೋಶ ನುಂಗಿ ಬಹುಪಾಲು ಜೀರ್ಣಿಸುತ್ತದೆ. ನೆಕ್ರೋಸಿಸ್ ಆದರೆ ಪೊರೆ ಹರಿದು ಬ್ಯಾಕ್ಟೀರಿಯಾ ಹೊರಬಿದ್ದು ಕೋಶದ ಹೊರಗೆ ಬೆಳೆಯುತ್ತದೆ. ಸೌಮ್ಯ ತಳಿ ಎಚ್37ಆರ್‌ಎ ಮೊದಲನೆಯದರ ಕಡೆಗೂ, ರೋಗಕಾರಕ ಎಚ್37ಆರ್‌ವಿ ಎರಡನೆಯದರ ಕಡೆಗೂ ವಾಲುತ್ತವೆ ಅನ್ನುವುದು ಹಳೇ ತಿಳಿವಳಿಕೆ.

ಇಲಿಯ ಪುರಾವೆ ಬಗ್ಗೆ: ಎಂಎಲ್‌ಕೆಎಲ್ ತೆಗೆದರೂ ಎನ್‌ಎಡಿ ಖಾಲಿಯಾಗುವುದು ನಿಲ್ಲುವುದಿಲ್ಲ. ಎನ್‌ಎಡಿ ಇಲ್ಲದ ಕೋಶ ಬೇರೆ ದಾರಿಯಲ್ಲಿ ಸಾಯುತ್ತದೆ. ಸಾಮಾನ್ಯ ಪ್ರಯೋಗದ ಇಲಿಗಳಲ್ಲಿ ಮನುಷ್ಯರಂತೆ ಮೊಸರುಗಟ್ಟಿದ ಸತ್ತ ಅಂಗಾಂಶವೂ ಸರಿಯಾಗಿ ಆಗುವುದಿಲ್ಲ. ಆ ಇಲಿಗಳಿಂದ ನೆಕ್ರೋಸಿಸ್ ಬಗ್ಗೆ ಕೊನೆಯ ತೀರ್ಪು ಕೊಡಲಾಗದು.

ಹಳೇಬೇರು:
ಎಂಎಲ್‌ಕೆಎಲ್ ದಾರಿ ಮುಖ್ಯ ಅಂತ ಬರೆದವರೇ, ಅದು ಇಲ್ಲದಾಗ ಬೇರೆ ದಾರಿ ಇದೆ ಅನ್ನುವುದು ಯಾವ ನ್ಯಾಯ? ದಾರಿ ಇನ್ನೂ ತೀರ್ಮಾನವಾಗಿಲ್ಲ ಅಂತಲಾದರೂ ಟಿಪ್ಪಣಿಯಲ್ಲಿ ಬರಲಿ. ಮಕ್ಕಳಿಗೆ ಒಂದು ಸಿದ್ಧಾಂತವನ್ನು ಕಲ್ಲಿನಲ್ಲಿ ಕೆತ್ತಿ ಕೊಡಬೇಡಿ.

ಅಗರ್_ತಟ್ಟೆ:
ಈ ಒಂದು ಮಾತಿಗೆ ಹಳೇಬೇರು ಅವರ ಪರ. ಎನ್‌ಎಡಿ ಸೀಳುವುದು ಗಟ್ಟಿ. ಸ್ರಾವಕ್ಕೆ ಇಎಸ್‌ಎಕ್ಸ್-4 ಬೇಕು ಅನ್ನುವುದೂ ಗಟ್ಟಿ. ಅದಾದ ಮೇಲೆ ಕೋಶ ಯಾವ ಕ್ರಮದಲ್ಲಿ ಸಾಯುತ್ತದೆ ಅನ್ನುವಲ್ಲಿ ಇನ್ನೂ ಜಗಳವಿದೆ.

ಸೂಕ್ಷ್ಮಪಾಠ:
ಇಸ್ಯಾಟ್-6 ಬಗ್ಗೆ ಯಾರೂ ಬಾಯಿ ಬಿಡಲಿಲ್ಲ. ಅದೇ ಫ್ಯಾಗೋಸೋಮ್ ತೂತು ಮಾಡುವ ವಿಷ ಅಂತ ಎಲ್ಲ ಕಡೆ ಇದೆಯಲ್ಲ?

ಶುದ್ಧಪ್ರೋಟೀನು:
ಇದಕ್ಕೆ ಸ್ವಲ್ಪ ಉದ್ದ ಉತ್ತರ ಬೇಕು, ಏಕೆಂದರೆ ಇಲ್ಲೇ ಹೆಚ್ಚು ಜನ ಎಡವುತ್ತಾರೆ.

ಇಸ್ಯಾಟ್-6, ಅಂದರೆ ಇಎಸ್‌ಎಕ್ಸ್-ಎ, ತನ್ನ ಜೊತೆಗಾರ ಸಿಎಫ್‌ಪಿ-10ರ ಜೊತೆ ಜೋಡಿಯಾಗಿ ಇಎಸ್‌ಎಕ್ಸ್-1 ಮೂಲಕ ಹೊರಬರುತ್ತದೆ. ಬಿಸಿಜಿ ಲಸಿಕೆಯ ತಳಿಯಲ್ಲಿ ಆರ್‌ಡಿ1 ಎಂಬ ಸುಮಾರು 9.5 ಸಾವಿರ ಬೇಸ್ ಜೋಡಿಗಳ ತುಂಡು ಬಿದ್ದುಹೋಗಿದೆ, ಈ ಎರಡು ಜೀನ್‌ಗಳೂ ಅದರಲ್ಲೇ ಇದ್ದವು. ಆರ್‌ಡಿ1 ವಾಪಸ್ ಹಾಕಿದರೆ ಬಿಸಿಜಿ ಮತ್ತೆ ಜೋರಾಗುತ್ತದೆ. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಇರುವುದು ಇಸ್ಯಾಟ್-6 ತಾನೇ ಪೊರೆ ತೂತು ಮಾಡುತ್ತದೆಯೇ ಅನ್ನುವಲ್ಲಿ. ಇ. ಕೊಲೈಯಲ್ಲಿ ತಯಾರಿಸಿದ ಇಸ್ಯಾಟ್-6 ಕೆಂಪು ರಕ್ತಕಣ ಒಡೆಯುತ್ತದೆ ಅಂತ ಹಲವು ವರದಿಗಳು ಬಂದವು. ಶುದ್ಧೀಕರಣದ ವೇಳೆ ಇ. ಕೊಲೈಯ ಒಳವಿಷ ತೊಳೆಯಲು ಎಎಸ್‌ಬಿ-14 ಎಂಬ ಡಿಟರ್ಜೆಂಟ್ ಹಾಕುವ ರೂಢಿ ಇತ್ತು. ಅದು ಪೂರ್ತಿ ಹೋಗುವುದಿಲ್ಲ. ರಕ್ತಕಣ ಒಡೆದದ್ದು ಆ ಉಳಿಕೆ ಡಿಟರ್ಜೆಂಟ್ ಅಂತ 2017ರಲ್ಲಿ ತೋರಿಸಿದರು. ಅದನ್ನು ತೆಗೆದ ಪ್ರೋಟೀನು ಕೋಶ ಒಡೆಯಲಿಲ್ಲ. ಜೀವಂತ ಬ್ಯಾಕ್ಟೀರಿಯಾ ಮಾತ್ರ ಇಎಸ್‌ಎಕ್ಸ್-1 ಇದ್ದಾಗ ಪೊರೆ ಒಡೆಯುತ್ತದೆ, ಅದೂ ಪೊರೆಗೆ ತಾಗಿ ಕೂತಾಗ. ಆಗ ಕಾಣುವುದು ಅಚ್ಚುಕಟ್ಟಾದ ರಂಧ್ರವಲ್ಲ, ಪೊರೆಯೇ ಚಿಂದಿ.

ಹಾಗಂತ ಇಸ್ಯಾಟ್-6ಗೆ ಪಾತ್ರವಿಲ್ಲ ಅಂತ ಬರೆಯಬೇಡಿ. 2022ರಲ್ಲಿ ಅದರ ಬಾಲದ ತುದಿ ಬದಲಾಯಿಸಿದಾಗ ಫ್ಯಾಗೋಸೋಮಿಗೆ ಆಗುವ ಹಾನಿ ನಿಂತಿತು. ಜೊತೆಗೆ ಪಿಡಿಮ್ ಎಂಬ ಮೇಲ್ಮೈ ಮೇಣವೂ ಬೇಕು. ಅದಿಲ್ಲದ ತಳಿ ಇಸ್ಯಾಟ್-6 ಸ್ರವಿಸಿದರೂ ಫ್ಯಾಗೋಸೋಮ್ ಸರಿಯಾಗಿ ಒಡೆಯದು.

ನೇತ್ರಾವತಿ_ತೀರ:
ಪಿಡಿಮ್ ವಿಷಯ ಎತ್ತಿದ್ದು ಒಳ್ಳೆಯದಾಯ್ತು. ಪ್ರಯೋಗಾಲಯದಲ್ಲಿ ಮತ್ತೆ ಮತ್ತೆ ಬೆಳೆಸಿದ ತಳಿಯಲ್ಲಿ ಪಿಡಿಮ್ ಉದುರಿಹೋಗುತ್ತದೆ, ಏಕೆಂದರೆ ಅದನ್ನು ಮಾಡದ ರೂಪಾಂತರಿ ಬೇಗ ಬೆಳೆದು ಮೇಲುಗೈ ಪಡೆಯುತ್ತದೆ. ಜೀನ್ ಒಂದನ್ನು ತೆಗೆದು ಪೊರೆ ಒಡೆಯಲಿಲ್ಲ ಅಂತ ಸಂಭ್ರಮಿಸುವ ಮೊದಲು ಪಿಡಿಮ್ ಇದೆಯಾ ನೋಡಬೇಕು. ಮಾಧ್ಯಮಕ್ಕೆ ಪ್ರೋಪಿಯೊನೇಟ್ ಹಾಕಿದರೆ ಈ ಉದುರುವಿಕೆ ತಡೆಯಬಹುದು ಅಂತ 2024ರಲ್ಲಿ ಬಂತು. ಮತ್ತೆ, ತೆಗೆದ ಜೀನನ್ನು ವಾಪಸ್ ಹಾಕಿ ಗುಣ ಮರಳುತ್ತದಾ ಅಂತ ನೋಡದ ಫಲಿತಾಂಶ ನಂಬಬಾರದು.

ಬಿಳಿಕೋಟು:
ಒಂದು ಎಚ್ಚರಿಕೆ. ಎನ್‌ಎಡಿ ಖಾಲಿಯಾಗುತ್ತದೆ ಅನ್ನುವುದನ್ನು ಓದಿ ಬಿ3 ಮಾತ್ರೆ (ನಿಕೋಟಿನಮೈಡ್ ಅದರದ್ದೇ ಒಂದು ರೂಪ) ನುಂಗಿದರೆ ಟಿಬಿ ಬರುವುದಿಲ್ಲ ಅಂತ ವಾಟ್ಸ್ಯಾಪ್ ಸಂದೇಶ ಹುಟ್ಟುವುದು ಬೇಡ.

ಧಾರವಾಡ_ಪೇಢೆ:
ಯಾಕ್ರಿ ಡಾಕ್ಟ್ರೇ, ನಿಕೋಟಿನಮೈಡ್ ಹಾಕಿದ್ರ ಕೋಶ ಉಳೀತಾವು ಅಂತ ಆ ನೀಡರ್‌ವೈಸ್ ತಂಡದವರೇ ಬರದಾರಲ್ಲ?

ಬಿಳಿಕೋಟು:
ತಟ್ಟೆಯಲ್ಲಿರುವ ಕೋಶಗಳಲ್ಲಿ ಹೌದು. ಅದೊಂದು ಯಾಂತ್ರಿಕತೆಯ ಪುರಾವೆ, ಚಿಕಿತ್ಸೆಯಲ್ಲ. ನಿಕೋಟಿನಮೈಡಿಗೆ ಕ್ಷಯದ ಬ್ಯಾಕ್ಟೀರಿಯಾದ ಮೇಲೆ ನೇರ ಪರಿಣಾಮ ಇದೆ ಅಂತ 1945ರಲ್ಲೇ ಫ್ರಾನ್ಸಿನಲ್ಲಿ ಶೋರಿನ್ ಗಮನಿಸಿದ್ದರು. ಅದೇ ಜಾಡು ಹಿಡಿದು ಹೋದವರಿಗೆ ಐಸೋನಿಯಾಜಿಡ್, ಪೈರಜಿನಮೈಡ್ ಎಂಬ ಕ್ಷಯದ ಔಷಧಗಳು ಸಿಕ್ಕಿದವು. ಸಿಕ್ಕ ಮೇಲೆ ಮೂಲವಸ್ತುವಿಗೆ ಚಿಕಿತ್ಸೆಯಲ್ಲಿ ಜಾಗ ಉಳಿಯಲಿಲ್ಲ. ಐಸೋನಿಯಾಜಿಡ್ ಜೊತೆ ಕೊಡುವ ಮಾತ್ರೆ ಬಿ6, ಅಂದರೆ ಪಿರಿಡಾಕ್ಸಿನ್. ಅದು ಕೈಕಾಲು ಜೋಮು ಬರದಿರಲಿ ಅಂತ. ಬಿ3ಗೂ ಅದಕ್ಕೂ ಸಂಬಂಧವಿಲ್ಲ. ಚಿಕಿತ್ಸೆಯಲ್ಲಿರುವವರು ಇದನ್ನೆಲ್ಲ ಓದಿ ಮಾತ್ರೆ ಬದಲಿಸುವುದು, ಬಿಡುವುದು ಮಾಡಲೇಬಾರದು.

ಹೊಸಚಿಗುರು:
ಇಸ್ಯಾಟ್-6 ಅಂದರೆ ಟಿಬಿ ರಕ್ತಪರೀಕ್ಷೆಯಲ್ಲಿ ಬಳಸುವುದೇ ತಾನೇ? ಅದಕ್ಕೆ ಇಲ್ಲಿ ಏನು ಸಂಬಂಧ?

ಬಿಳಿಕೋಟು:
ಅದೇ. ಬಿಸಿಜಿಯಲ್ಲಿ ಇಲ್ಲ ಅನ್ನುವುದೇ ಅದರ ಉಪಯೋಗ. ಲಸಿಕೆ ಹಾಕಿಸಿಕೊಂಡವರ ಟಿ ಕೋಶಗಳು ಇಸ್ಯಾಟ್-6 ಮತ್ತು ಸಿಎಫ್‌ಪಿ-10ರ ತುಣುಕುಗಳಿಗೆ ಪ್ರತಿಕ್ರಿಯಿಸುವುದಿಲ್ಲ, ಸೋಂಕು ತಗಲಿದವರದ್ದು ಇಂಟರ್‌ಫೆರಾನ್-ಗಾಮಾ ಸುರಿಸುತ್ತವೆ. ಕ್ವಾಂಟಿಫೆರಾನ್ ಪ್ಲಸ್‌ನಲ್ಲಿ ನಾಲ್ಕು ಟ್ಯೂಬು, ಒಂದೊಂದಕ್ಕೆ 1 ಮಿಲಿ ರಕ್ತ, 37 ಡಿಗ್ರಿಯಲ್ಲಿ 16ರಿಂದ 24 ಗಂಟೆ. ಪ್ರತಿಜನಕ ಇಲ್ಲದ ಶೂನ್ಯ ಟ್ಯೂಬಿನದ್ದು ಕಳೆದ ಮೇಲೆ ಇಂಟರ್‌ಫೆರಾನ್ 0.35 ಐಯು/ಮಿಲಿ ಅಥವಾ ಹೆಚ್ಚಿದ್ದರೆ, ಮತ್ತು ಅದು ಶೂನ್ಯ ಟ್ಯೂಬಿನ ಕಾಲು ಭಾಗಕ್ಕಿಂತ ಕಡಿಮೆ ಇಲ್ಲದಿದ್ದರೆ, ಪಾಸಿಟಿವ್. ಎಡವಟ್ಟಾಗುವುದು ಟ್ಯೂಬು ಅಲ್ಲಾಡಿಸುವಲ್ಲಿ. ಪ್ರತಿಜನಕ ಒಳಗೋಡೆಗೆ ಒಣಗಿ ಅಂಟಿರುತ್ತದೆ, ಹತ್ತು ಸಲ ಮೇಲೆ ಕೆಳಗೆ ಮಾಡಿ ಗೋಡೆ ಪೂರ್ತಿ ನೆನೆಸಬೇಕು. ಜೋರಾಗಿ ಕುಲುಕಿದರೆ ಜೆಲ್ ಒಡೆದು ಫಲಿತಾಂಶ ಕೆಡುತ್ತದೆ.

ಚರ್ಮದ ಪರೀಕ್ಷೆಯಲ್ಲೂ ಈಗ ಇವೇ ಎರಡು ಪ್ರೋಟೀನು ಬಂದಿವೆ, ಸೈ-ಟಿಬಿ ಅಂತ. 0.1 ಮಿಲಿ ಚರ್ಮದೊಳಗೆ, 48ರಿಂದ 72 ಗಂಟೆಗೆ ಓದಬೇಕು, 5 ಮಿಮೀ ಅಥವಾ ಹೆಚ್ಚು ಗಟ್ಟಿ ಊತ ಇದ್ದರೆ ಪಾಸಿಟಿವ್. ಕೆಂಪನ್ನು ಅಳೆಯಬಾರದು, ಊತವನ್ನು ಮಾತ್ರ. ಎರಡು ಪರೀಕ್ಷೆಯೂ ಸೋಂಕು ಹೇಳುತ್ತವೆ, ಸಕ್ರಿಯ ರೋಗ ಹೇಳುವುದಿಲ್ಲ.

ಅಗರ್_ತಟ್ಟೆ:
ಸೇರಿಸಿಕೊಳ್ಳಿ: ಮೈಕೊಬ್ಯಾಕ್ಟೀರಿಯಂ ಕನ್ಸಾಸಿ, ಮರೈನಂ, ಝುಲ್ಗಾಯ್ ಇವುಗಳಲ್ಲೂ ಇಸ್ಯಾಟ್-6 ಇದೆ. ಆ ಸೋಂಕುಗಳಲ್ಲೂ ಪಾಸಿಟಿವ್ ಬರಬಹುದು.

ವೇದಿಕೆ_ನಿರ್ವಾಹಕ:
ಪರೀಕ್ಷೆಗಳ ಚರ್ಚೆಗೆ ಬೇರೆ ಎಳೆ ತೆರೆಯಿರಿ. ಇಲ್ಲಿ ಸ್ರಾವದ ವಿಷಯಕ್ಕೆ ಮರಳೋಣ.

ಹೊಸಚಿಗುರು:
ಹಾಗಾದರೆ ಸ್ರಾವದ್ದೇ ಕೇಳುತ್ತೇನೆ. ಒಂದು ಪ್ರೋಟೀನು ಸ್ರವಿಸಿತೋ, ಇಲ್ಲ ಸತ್ತ ಬ್ಯಾಕ್ಟೀರಿಯಾ ಒಡೆದು ಸೋರಿತೋ ಅಂತ ಹೇಗೆ ಗೊತ್ತಾಗುತ್ತದೆ?

ಶುದ್ಧಪ್ರೋಟೀನು:
ತುಂಬ ಸರಿಯಾದ ಪ್ರಶ್ನೆ. ಮಾಧ್ಯಮದಿಂದ ಶುರು. 7ಎಚ್9 ಎಂಬ ಮಾಧ್ಯಮಕ್ಕೆ ಹಾಕುವ ಒಎಡಿಸಿ ಪೂರಕದಲ್ಲಿ ಆಲ್ಬುಮಿನ್ ಇರುತ್ತದೆ. ಅದು ದ್ರವದ ತುಂಬ ಇರುವುದರಿಂದ ಜೆಲ್ ಓಡಿಸಿದರೆ ದಪ್ಪ ಪಟ್ಟಿಯೊಂದೇ ಕಾಣುತ್ತದೆ, ನಿಮ್ಮ ಪ್ರೋಟೀನು ಮುಳುಗಿಹೋಗುತ್ತದೆ. ಬ್ಯಾಕ್ಟೀರಿಯಾ ಗುಡ್ಡೆಗಟ್ಟದಿರಲಿ ಅಂತ ಹಾಕುವ 0.05 ಶೇಕಡಾ ಟ್ವೀನ್-80 ಮೇಲ್ಮೈಯ ಹೊರಪದರವನ್ನೇ ಕಿತ್ತು ದ್ರವಕ್ಕೆ ಬಿಡುತ್ತದೆ, ಆಗ ಮೇಲ್ಮೈಯದ್ದೂ ಸ್ರಾವದಂತೆ ಕಾಣುತ್ತದೆ. ಅದಕ್ಕೆ ಮೊದಲು 7ಎಚ್9ನಲ್ಲಿ ಬೆಳೆಸಿ, ತೊಳೆದು, ಆಲ್ಬುಮಿನ್ ಇಲ್ಲದ ಸಾಟನ್ ಮಾಧ್ಯಮಕ್ಕೆ ದಾಟಿಸಬೇಕು. ಬೆಳವಣಿಗೆ ಏರುತ್ತಿರುವಾಗಲೇ ದ್ರವ ತೆಗೆಯಬೇಕು. ವಾರಗಟ್ಟಲೆ ಬಿಟ್ಟರೆ ಸತ್ತವು ಸೋರುತ್ತವೆ. 0.22 ಮೈಕ್ರಾನ್ ಸೋಸುಕದಲ್ಲಿ ಎರಡು ಸಲ ಸೋಸಿ, ಆಮೇಲೆ ಸಾಂದ್ರಗೊಳಿಸುವುದು.

ವೆಸ್ಟರ್ನ್ ಬ್ಲಾಟಿನಲ್ಲಿ, ಅಂದರೆ ಪ್ರತಿಕಾಯದಿಂದ ಪ್ರೋಟೀನು ಗುರುತಿಸುವ ಪರೀಕ್ಷೆಯಲ್ಲಿ, ಮೂರು ಪಟ್ಟಿ ನೋಡಲೇಬೇಕು. ನಿಮ್ಮ ಪ್ರೋಟೀನು ಒಂದು. ಎಜಿ85 ಎರಡನೆಯದು, ಅದು ಇಎಸ್‌ಎಕ್ಸ್ ಹಂಗಿಲ್ಲದೆ ಹೊರಬರುವುದರಿಂದ ಎಲ್ಲ ತಳಿಯಲ್ಲೂ ಕಾಣಬೇಕು. ಮೂರನೆಯದು ಗ್ರೋಇಎಲ್2 ಅಥವಾ ಆರ್‌ಎನ್‌ಎ ಪಾಲಿಮರೇಸ್‌ನ ಬೀಟಾ ಘಟಕ, ಇದು ಕೋಶದ ಭಾಗದಲ್ಲಿ ಮಾತ್ರ ಇರಬೇಕು. ದ್ರವದಲ್ಲಿ ಅದು ಕಂಡರೆ ನಿಮ್ಮ ಸ್ರಾವ ಬರೀ ಸೋರಿಕೆ. ಈ ಮೂರನೇ ಪಟ್ಟಿ ಇಲ್ಲದ ಚಿತ್ರವನ್ನು ತರಗತಿಯಲ್ಲೂ ತೋರಿಸಬೇಡಿ.

ಟಿಎನ್‌ಟಿಗೆ ಇನ್ನೊಂದು ದಾರಿಯೂ ಇದೆ. ಬ್ಯಾಕ್ಟೀರಿಯಾವನ್ನು ಒಡೆಯದೆ ಟಿಎನ್‌ಟಿಯ ಪ್ರತಿಕಾಯ ಹಾಕಿ ಹೊಳಪು ನೋಡುವುದು. ಹೊರಪೊರೆಯಾಚೆ ಬಂದಿದ್ದರೆ ಮಾತ್ರ ಪ್ರತಿಕಾಯ ಅಂಟುತ್ತದೆ. ಇಎಸ್‌ಎಕ್ಸ್-4 ತೆಗೆದ ತಳಿಯಲ್ಲಿ ಈ ಹೊಳಪು ಹೋಗುತ್ತದೆ.

ಏಳನೇ_ಮಾರ್ಗ:
ತಳಿ ಆರಿಸುವಾಗಲೂ ಎಚ್ಚರ ಬೇಕು. ಬಿಎಸ್ಎಲ್-3 ಮಟ್ಟದ ಸುರಕ್ಷಿತ ಪ್ರಯೋಗಾಲಯ ಇಲ್ಲದವರು ದುರ್ಬಲಗೊಳಿಸಿದ ತಳಿ ಬಳಸುತ್ತಾರೆ. ಎಂಸಿ2 6230 ಎಂಬ ತಳಿಯಲ್ಲಿ ಪ್ಯಾನ್‌ಸಿಡಿ ಜೀನ್‌ಗಳ ಜೊತೆಗೆ ಆರ್‌ಡಿ1 ಕೂಡ ತೆಗೆದಿದ್ದಾರೆ. ಅದರಲ್ಲಿ ಫ್ಯಾಗೋಸೋಮ್ ಒಡೆಯುವುದನ್ನು ಹುಡುಕುತ್ತ ಕೂತರೆ ಏನೂ ಸಿಗದು. ಎಂಸಿ2 6206ರಲ್ಲಿ ತೆಗೆದಿರುವುದು ಪ್ಯಾನ್‌ಸಿಡಿ ಮತ್ತು ಲ್ಯೂಸಿಡಿ, ಆರ್‌ಡಿ1 ಹಾಗೇ ಇದೆ. ಅದಕ್ಕೆ ಪ್ಯಾಂಟೊಥೆನೇಟ್ 24 ಮತ್ತು ಲ್ಯೂಸೀನ್ 50 ಮೈಕ್ರೋಗ್ರಾಂ ಪ್ರತಿ ಮಿಲಿಗೆ ಹಾಕಬೇಕು.

ಎಚ್37ಆರ್‌ಎ ಇನ್ನೊಂದು ಬಲೆ. ಆರ್‌ಡಿ1 ಪೂರ್ತಿ ಇದೆ, ಆದರೆ ಫೋಪಿ ನಿಯಂತ್ರಕದ 219ನೇ ಜಾಗದಲ್ಲಿ ಸೆರೀನ್ ಹೋಗಿ ಲ್ಯೂಸೀನ್ ಬಂದಿದೆ. ಅದರಿಂದ ಬೇರೊಂದು ಕಡೆ ಇರುವ ಇಎಸ್‌ಪಿಎ ಜೀನ್‌ಗಳ ಗುಂಪು ಸರಿಯಾಗಿ ನಡೆಯುವುದಿಲ್ಲ, ಇಸ್ಯಾಟ್-6 ಒಳಗೆ ತಯಾರಾದರೂ ಹೊರಗೆ ಬರುವುದಿಲ್ಲ. ಪಿಸಿಆರ್‌ನಲ್ಲಿ ಜೀನ್ ಕಂಡಿತು ಅಂತ ಸ್ರಾವವೂ ಇದೆ ಅಂದುಕೊಳ್ಳಬಾರದು.

ಸೂಕ್ಷ್ಮಪಾಠ:
ಫೋಪಿ ವಿಷಯ ತರಗತಿಗೆ ಬಹಳ ಉಪಯೋಗ. ಚಿತ್ರ ಬಿಡಿಸುವಾಗ ಇಎಸ್‌ಎಕ್ಸ್-3 ಮತ್ತು 5ನ್ನು ಬಿಟ್ಟುಬಿಡಲೇ?

ಏಳನೇ_ಮಾರ್ಗ:
ಬಿಡಬೇಡಿ, ಬೇರೆ ಬಣ್ಣ ಕೊಡಿ. 3 ಕಬ್ಬಿಣ ಹೀರಿಕೊಳ್ಳಲು ಬೇಕು, ಅದಿಲ್ಲದೆ ಬ್ಯಾಕ್ಟೀರಿಯಾ ಸಾಮಾನ್ಯ ಮಾಧ್ಯಮದಲ್ಲಿ ಬೆಳೆಯುವುದೇ ಇಲ್ಲ. 5 ಪಿಇ, ಪಿಪಿಇ ಪ್ರೋಟೀನುಗಳ ಬಾಗಿಲು. ವಿಷದ ದಾರಿಯಲ್ಲಿ ಬರುವುದು 1, 2, 4. ಮತ್ತೆ ಇಎಸ್‌ಎಕ್ಸ್-4ನ್ನು ಹೊರಪೊರೆಯವರೆಗೆ ಎಳೆದು ಬಿಡಿಸಬೇಡಿ, ಅದು ಒಳಪೊರೆಯ ಯಂತ್ರ. ಹೊರಪೊರೆಯ ಜಾಗದಲ್ಲಿ ಇಎಸ್‌ಎಕ್ಸ್-ಇ ಮತ್ತು ಎಫ್ ಬರಲಿ.

ಹಳೇಬೇರು:
ಪ್ರೋಟೀನು ಅಲ್ಲದ್ದನ್ನೂ ಸೇರಿಸಿ. ಟ್ಯುಬರ್‌ಕ್ಯುಲೋಸಿನಿಲ್ ಅಡೆನೋಸಿನ್ ಎಂಬ ಕೊಬ್ಬಿನ ಅಣುವನ್ನು ಈ ಬ್ಯಾಕ್ಟೀರಿಯಾ ಧಾರಾಳವಾಗಿ ಹೊರಹಾಕುತ್ತದೆ. ಅದು ಆಮ್ಲ ಹೀರಿಕೊಂಡು ಫ್ಯಾಗೋಸೋಮಿನ ಪಿಎಚ್ ಏರಿಸುತ್ತದೆ, ಲೈಸೋಸೋಮ್ ಉಬ್ಬುತ್ತದೆ. ಸ್ಯಾಪ್‌ಎಂ ಎಂಬ ಫಾಸ್ಫಟೇಸ್ ಮತ್ತು ಪಿಟಿಪಿಎ ಕೂಡ ಫ್ಯಾಗೋಸೋಮ್ ಮಾಗದಂತೆ ತಡೆಯುತ್ತವೆ. ಇವು ಕೊಲ್ಲುವುದಿಲ್ಲ, ಆದರೆ ಇವು ಕಾಲಾವಕಾಶ ಕೊಡದಿದ್ದರೆ ನಿಮ್ಮ ಟಿಎನ್‌ಟಿ ಹೊರಗೆ ಬರುವ ಹೊತ್ತಿಗೆ ಬ್ಯಾಕ್ಟೀರಿಯಾವೇ ಉಳಿದಿರುವುದಿಲ್ಲ. ಟಿಎನ್‌ಟಿ ಒಂದನ್ನೇ ದೊಡ್ಡಕ್ಷರದಲ್ಲಿ ಬರೆಯುವುದಕ್ಕೆ ನನ್ನ ವಿರೋಧ ಹಾಗೇ ಇದೆ.

ಕೋಶಭಿತ್ತಿ:
ಇದನ್ನು ಒಪ್ಪುತ್ತೇನೆ. ಅಳಿಸಬೇಕಾದ ಸಾಲಿನ ಬಗ್ಗೆ ಮಾತ್ರ ಒಪ್ಪುವುದಿಲ್ಲ.

ಹೊಸಚಿಗುರು:
ಕೊನೆಯದೊಂದು. ಫ್ಯಾಗೋಸೋಮ್ ಒಡೆದದ್ದನ್ನು ಸಿಸಿಎಫ್4 ಬಣ್ಣದಿಂದ ನೋಡುತ್ತಾರಂತೆ. ಟಿಎಚ್‌ಪಿ-1 ಎಂಬ ಮಾನವ ಕೋಶಗಳಲ್ಲಿ ಮಾಡಿದಾಗ ಫ್ಯಾಗೋಸೋಮ್ ಒಡೆಯುವ ತಳಿ, ಒಡೆಯದ ತಳಿ ಎರಡರಲ್ಲೂ ಹಸಿರೇ ಉಳಿದರೆ ಏನರ್ಥ?

ನೇತ್ರಾವತಿ_ತೀರ:
ಮೊದಲು ಮಾಧ್ಯಮದ ಬಾಟಲಿ ನೋಡಿ. ಕೋಶ ಬೆಳೆಸುವವರು ಅಭ್ಯಾಸಬಲದಿಂದ ಪೆನಿಸಿಲಿನ್-ಸ್ಟ್ರೆಪ್ಟೊಮೈಸಿನ್ ಹಾಕಿರುತ್ತಾರೆ. ಸ್ಟ್ರೆಪ್ಟೊಮೈಸಿನ್ ಕ್ಷಯದ್ದೇ ಔಷಧ, ನಿಮ್ಮ ಬ್ಯಾಕ್ಟೀರಿಯಾ ಸಾಯುತ್ತಿರುತ್ತದೆ. ಪೆನಿಸಿಲಿನ್ ಇನ್ನೊಂದು ತೊಂದರೆ, ಏಕೆಂದರೆ ಈ ಪರೀಕ್ಷೆ ನಿಂತಿರುವುದೇ ಬ್ಯಾಕ್ಟೀರಿಯಾದ ಬೀಟಾ-ಲ್ಯಾಕ್ಟಮೇಸ್ ಮೇಲೆ. ಅದು ಕೋಶರಸಕ್ಕೆ ಬಂದು ಬಣ್ಣವನ್ನು ಸೀಳಿದರೆ ಹಸಿರು ಹೋಗಿ 450 ನ್ಯಾನೋಮೀಟರಿನ ನೀಲಿ ಬರುತ್ತದೆ. ಪೆನಿಸಿಲಿನ್ ಇದ್ದರೆ ಆ ಕಿಣ್ವ ಅದನ್ನೂ ಸೀಳುತ್ತ ಕೂರುತ್ತದೆ. ಪಿಎಂಎ ಎಂಬ ರಾಸಾಯನಿಕ ಹಾಕಿ ಕೋಶಗಳನ್ನು ಮ್ಯಾಕ್ರೋಫೇಜಿನಂತೆ ಮಾಗಿಸುವ ಹಂತದಿಂದಲೇ ಎರಡೂ ಇಲ್ಲದ ಮಾಧ್ಯಮ ಬಳಸಿ.

ಆಮೇಲೆ ಗುಡ್ಡೆ. ಗುಡ್ಡೆಗಟ್ಟಿದ ಬ್ಯಾಕ್ಟೀರಿಯಾ ಹಾಕಿದರೆ ಕೆಲವು ಕೋಶಕ್ಕೆ ಐವತ್ತು, ಉಳಿದವಕ್ಕೆ ಸೊನ್ನೆ. ನಿಧಾನ ವೇಗದಲ್ಲಿ ಸೆಂಟ್ರಿಫ್ಯೂಜ್ ಮಾಡಿ ಮೇಲಿನ ದ್ರವ ಮಾತ್ರ ತೆಗೆಯಿರಿ, ಅಥವಾ 5 ಮೈಕ್ರಾನ್ ಸೋಸುಕ ಬಳಸಿ. ಬಣ್ಣ ತುಂಬುವಾಗ ಪ್ರೊಬೆನೆಸಿಡ್ ಹಾಕದಿದ್ದರೆ ಮ್ಯಾಕ್ರೋಫೇಜ್ ಬಣ್ಣವನ್ನು ಹೊರಗೆ ತಳ್ಳುತ್ತದೆ, ಆಗ ಹಸಿರೂ ಮಂಕು. ಮೂರೂ ಸರಿಯಿದ್ದು ಇನ್ನೂ ಹಸಿರೇ ಇದ್ದರೆ ತಳಿಯ ಪಿಡಿಮ್ ಪರೀಕ್ಷಿಸಿ.

ಶುದ್ಧಪ್ರೋಟೀನು:
ಮತ್ತು ಹೊತ್ತು. ಎರಡು ಗಂಟೆಗೇ ನೋಡಿ ಇಲ್ಲ ಅನ್ನಬೇಡಿ. ಮೊದಲನೇ ದಿನ, ಎರಡನೇ ದಿನ, ಮೂರನೇ ದಿನ ಬೇರೆ ಬೇರೆ ತಟ್ಟೆ ಇಡಿ, ಪ್ರತಿ ತಟ್ಟೆಗೂ ಸೋಂಕಿಲ್ಲದ ಕೋಶ ಮತ್ತು ಆರ್‌ಡಿ1 ಇಲ್ಲದ ತಳಿ ಜೊತೆಗಿರಲಿ.